ಬೊಮ್ಮಾಯಿ ಕೇಳಿದ್ದು ಒಂದೇ ವಾರ

ಕರ್ನಾಟಕದಲ್ಲಿ ಸರ್ಕಾರ ಅಲ್ಲಾಡಿದಾಗಲೆಲ್ಲ ಟೀವಿಯಲ್ಲಿ ಕೂತವರು ಒಂದು ಹೆಸರು ಹೇಳುತ್ತಾರೆ. "ಬೊಮ್ಮಾಯಿ ಪ್ರಕರಣದ ಪ್ರಕಾರ..." ಅಂತ ಶುರು ಮಾಡಿ ಮುಂದಿನ ಮಾತಿಗೆ ಹೋಗಿಬಿಡುತ್ತಾರೆ. ಆ ಪ್ರಕರಣ ಏನು, ಅದರಲ್ಲಿ ಗೆದ್ದವರು ಯಾರು, ಗೆದ್ದವರಿಗೆ ಸಿಕ್ಕಿದ್ದೇನು ಅಂತ ಹೇಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಎಂಜಿನಿಯರಿಂಗ್ ಓದುವಾಗ ನಮಗೂ ಸಂವಿಧಾನದ ಒಂದು ಪೇಪರ್ ಇತ್ತು. ಕೊಟ್ಟ ನಾಲ್ಕು ಉತ್ತರಗಳಲ್ಲಿ ಸರಿಯಾದ್ದಕ್ಕೆ ಗುರುತು ಹಾಕುವ ಪರೀಕ್ಷೆ. 356ನೇ ವಿಧಿ ಅಂದರೆ ರಾಷ್ಟ್ರಪತಿ ಆಳ್ವಿಕೆ ಅಂತ ಬಾಯಿಪಾಠ ಮಾಡಿ ಪಾಸಾದವರು ನಾವು. ಆ ಒಂದು ಸಾಲಿನ ಹಿಂದೆ ನಮ್ಮ ಬೆಂಗಳೂರಿನಲ್ಲೇ ನಡೆದ ಐದು ದಿನಗಳ ಕಥೆ ಇದೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷಗಳ ನಂತರ, ಕೆಲಸಕ್ಕೆ ಸೇರಿದ ಮೇಲೆ. ಆ ತೀರ್ಪು ಬಂದಾಗ ನಾನಿನ್ನೂ ಹುಟ್ಟಿರಲೇ ಇಲ್ಲ ಅನ್ನುವುದು ಬೇರೆ ವಿಷಯ :)

ಮೊದಲು ಈ 356 ಏನು ಅಂತ ನೋಡೋಣ. ಒಂದು ರಾಜ್ಯದ ಆಡಳಿತವನ್ನು ಸಂವಿಧಾನಕ್ಕೆ ತಕ್ಕಂತೆ ನಡೆಸಲು ಸಾಧ್ಯವಿಲ್ಲ ಅಂತ ರಾಷ್ಟ್ರಪತಿಗೆ ಮನವರಿಕೆಯಾದರೆ, ಆ ರಾಜ್ಯದ ಆಡಳಿತವನ್ನು ಕೇಂದ್ರ ತನ್ನ ಕೈಗೆ ತೆಗೆದುಕೊಳ್ಳಬಹುದು. ರಾಜ್ಯಪಾಲರ ವರದಿಯಿಂದ ಮನವರಿಕೆಯಾಗಬಹುದು, ಬೇರೆ ದಾರಿಯಿಂದಲೂ ಆಗಬಹುದು. ರಾಷ್ಟ್ರಪತಿ ಅಂದರೆ ಇಲ್ಲಿ ಕೇಂದ್ರದ ಮಂತ್ರಿಮಂಡಲ ಅಂತಲೇ ಓದಿಕೊಳ್ಳಿ. ಘೋಷಣೆಗೆ ಎರಡು ತಿಂಗಳೊಳಗೆ ಪಾರ್ಲಿಮೆಂಟಿನ ಎರಡೂ ಸದನಗಳ ಒಪ್ಪಿಗೆ ಬೇಕು.

ಇದರ ಮೂಲ ಇರುವುದು ಬ್ರಿಟಿಷರ 1935ರ ಕಾಯ್ದೆಯಲ್ಲಿ. ಪ್ರಾಂತ್ಯಗಳ ಸರ್ಕಾರ ಹೇಳಿದ ಹಾಗೆ ಕೇಳದಿದ್ದರೆ ಗವರ್ನರ್ ಎಲ್ಲವನ್ನೂ ತಾನೇ ವಹಿಸಿಕೊಳ್ಳಲು ಇದ್ದ ವ್ಯವಸ್ಥೆ ಅದು. ಸಂವಿಧಾನ ಸಭೆಯಲ್ಲಿ 1949ರ ಆಗಸ್ಟ್‌ನಲ್ಲಿ ಇದು ಚರ್ಚೆಗೆ ಬಂದಾಗ ಗಟ್ಟಿಯಾಗಿ ವಿರೋಧಿಸಿದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಒಬ್ಬರು. ಇದು ದುರ್ಬಳಕೆ ಆಗಬಹುದು ಅನ್ನುವುದನ್ನು ಅಂಬೇಡ್ಕರ್ ಅಲ್ಲಗಳೆಯಲಿಲ್ಲ. ಇದನ್ನು ಬಳಸುವ ಸಂದರ್ಭವೇ ಬಾರದೆ ಪುಸ್ತಕದಲ್ಲೇ ಉಳಿಯಲಿ ಅಂತ ಆಶಿಸಿದರು.

ಪುಸ್ತಕದಲ್ಲಿ ಉಳಿಯಲಿಲ್ಲ. 1959ರಲ್ಲಿ ಕೇರಳದ ನಂಬೂದಿರಿಪಾಡ್ ಸರ್ಕಾರ ಬಹುಮತ ಇದ್ದೂ ಹೋಯಿತು. 1977ರಲ್ಲಿ ಕೇಂದ್ರಕ್ಕೆ ಬಂದ ಜನತಾ ಪಕ್ಷ ಒಂಬತ್ತು ಕಾಂಗ್ರೆಸ್ ಸರ್ಕಾರಗಳನ್ನು ಒಟ್ಟಿಗೆ ಮನೆಗೆ ಕಳಿಸಿತು. 1980ರಲ್ಲಿ ಇಂದಿರಾ ಗಾಂಧಿ ಮರಳಿ ಬಂದು ಒಂಬತ್ತು ಸರ್ಕಾರಗಳನ್ನು ಕಳಿಸಿದರು. ಲೆಕ್ಕ ಚುಕ್ತಾ! ಬೊಮ್ಮಾಯಿ ತೀರ್ಪು ಬರುವ ಹೊತ್ತಿಗೆ ಈ ವಿಧಿ 90ಕ್ಕೂ ಹೆಚ್ಚು ಬಾರಿ ಬಳಕೆಯಾಗಿತ್ತು ಅಂತ ಆ ತೀರ್ಪಿನಲ್ಲೇ ಇದೆ. ಕರ್ನಾಟಕವೂ 1971ರಲ್ಲಿ ಒಮ್ಮೆ, 1977ರ ಡಿಸೆಂಬರ್ 31ರಂದು ದೇವರಾಜ ಅರಸು ಅವರ ಕಾಲದಲ್ಲಿ ಇನ್ನೊಮ್ಮೆ ಇದನ್ನು ನೋಡಿತ್ತು. ಅರಸು ಅವರು ಎರಡೇ ತಿಂಗಳಲ್ಲಿ ಚುನಾವಣೆ ಗೆದ್ದು ವಾಪಸ್ ಬಂದರು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ.

1983ರಲ್ಲಿ ಕರ್ನಾಟಕದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ಅದೇ ವರ್ಷದ ಮಾರ್ಚ್‌ನಲ್ಲಿ ಅವರು ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿಗೆ ಕರೆದು ಕೇಂದ್ರ-ರಾಜ್ಯ ಸಂಬಂಧದ ಬಗ್ಗೆ ಸಭೆ ಮಾಡಿದರು. ಕೆಲವೇ ದಿನಗಳಲ್ಲಿ ಇಂದಿರಾ ಗಾಂಧಿ ಸರ್ಕಾರ ಸರ್ಕಾರಿಯಾ ಆಯೋಗವನ್ನು ಪ್ರಕಟಿಸಿತು. ಮುಖ್ಯಮಂತ್ರಿಗೆ ಬಹುಮತ ಇದೆಯೋ ಇಲ್ಲವೋ ಅನ್ನುವುದನ್ನು ವಿಧಾನಸಭೆಯಲ್ಲೇ ಪರೀಕ್ಷಿಸಬೇಕು ಅಂತ ಆ ಆಯೋಗ ಶಿಫಾರಸು ಮಾಡಿತು. ಈ ಶಿಫಾರಸು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1988ರ ಆಗಸ್ಟ್‌ನಲ್ಲಿ ಟೆಲಿಫೋನ್ ಕದ್ದಾಲಿಕೆಯ ಆರೋಪದಿಂದ ಹೆಗಡೆ ರಾಜೀನಾಮೆ ಕೊಟ್ಟರು. ಅದೇ ತಿಂಗಳು ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು. ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿದವರು, ಎಂ.ಎನ್. ರಾಯ್ ವಿಚಾರಗಳಿಗೆ ಒಲಿದವರು. ಜನತಾ ಪಕ್ಷ, ಲೋಕದಳ ಸೇರಿ ಜನತಾದಳ ಆದದ್ದೂ ಇದೇ ಸಮಯದಲ್ಲಿ. ಒಳಗೆ ಗುಂಪುಗಾರಿಕೆ ಬೇಕಾದಷ್ಟಿತ್ತು.

ಈಗ 1989ರ ಏಪ್ರಿಲ್. ದಿನ ದಿನವಾಗಿ ನೋಡಿದರೇ ಇದು ಅರ್ಥವಾಗುವುದು.

ಏಪ್ರಿಲ್ 15, ಶನಿವಾರ. ಬೊಮ್ಮಾಯಿ ಸಂಪುಟ ವಿಸ್ತರಣೆ ಮಾಡಿದರು. 13 ಹೊಸ ಮಂತ್ರಿಗಳು. ಸಂಪುಟ ವಿಸ್ತರಣೆ ಅಂದರೆ ಒಳಗೆ ಬಂದವರ ಸಂತೋಷಕ್ಕಿಂತ ಹೊರಗೆ ಉಳಿದವರ ಸಿಟ್ಟೇ ಜಾಸ್ತಿ, ಇದು ನಮಗೆ ಗೊತ್ತಿದ್ದದ್ದೇ.

ಏಪ್ರಿಲ್ 17, ಸೋಮವಾರ. ಜನತಾದಳದ ಶಾಸಕ ಕೆ.ಆರ್. ಮೊಳಕೇರಿ ಪಕ್ಷ ಬಿಟ್ಟು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಒಂದು ಪತ್ರ ಕೊಟ್ಟರು. ಜೊತೆಗೆ ಇನ್ನೂ 19 ಪತ್ರಗಳು. ಜನತಾದಳದ 17 ಶಾಸಕರು, ಸರ್ಕಾರದ ಜೊತೆಗಿದ್ದ ಒಬ್ಬ ಪಕ್ಷೇತರ, ಒಬ್ಬ ಬಿಜೆಪಿ ಶಾಸಕ ಬೆಂಬಲ ವಾಪಸ್ ಪಡೆದಿದ್ದಾರೆ ಅಂತ ಅವುಗಳಲ್ಲಿತ್ತು. ರಾಜ್ಯಪಾಲರು ಶಾಸಕಾಂಗ ಇಲಾಖೆಯ ಕಾರ್ಯದರ್ಶಿಯನ್ನು ಕರೆಸಿ ಸಹಿಗಳು ಸರಿಯೇ ಅಂತ ತಾಳೆ ನೋಡಿಸಿದರು. ಮುಖ್ಯಮಂತ್ರಿಯನ್ನು ಮಾತ್ರ ಒಂದು ಮಾತು ಕೇಳಲಿಲ್ಲ.

ಏಪ್ರಿಲ್ 19, ಬುಧವಾರ. ಬೊಮ್ಮಾಯಿ ಬಹುಮತ ಕಳೆದುಕೊಂಡಿದ್ದಾರೆ, ಬೇರೆ ಪಕ್ಷವೂ ಸರ್ಕಾರ ರಚಿಸುವ ಸ್ಥಿತಿಯಲ್ಲಿಲ್ಲ, 356ನೇ ವಿಧಿ ಹಾಕಿ ಅಂತ ದೆಹಲಿಗೆ ವರದಿ ಹೋಯಿತು.

ಏಪ್ರಿಲ್ 20, ಗುರುವಾರ. ಆ 19 ಜನರಲ್ಲಿ ಏಳು ಜನ ತಿರುಗಿ ಬಂದರು. ತಪ್ಪು ಹೇಳಿ ನಮ್ಮ ಸಹಿ ತೆಗೆದುಕೊಂಡಿದ್ದರು, ನಾವು ಸರ್ಕಾರದ ಜೊತೆಗೇ ಇದ್ದೇವೆ ಅಂತ ಬರೆದುಕೊಟ್ಟರು. ಅದೇ ದಿನ ಸಂಪುಟ ಸಭೆ ಸೇರಿ ಏಪ್ರಿಲ್ 27ಕ್ಕೆ ವಿಧಾನಸಭೆ ಕರೆಯಲು ತೀರ್ಮಾನಿಸಿತು. ಬೊಮ್ಮಾಯಿ ತಮ್ಮ ಕಾನೂನು ಮಂತ್ರಿಯನ್ನು ಕರೆದುಕೊಂಡು ರಾಜ್ಯಪಾಲರನ್ನು ಕಂಡರು. ಸರ್ಕಾರಿಯಾ ಆಯೋಗ ಹೇಳಿದ್ದನ್ನು ನೆನಪಿಸಿದರು. ಒಂದು ವಾರ ಜಾಸ್ತಿಯಾಯಿತು ಅನ್ನಿಸಿದರೆ ಅಧಿವೇಶನವನ್ನು ಇನ್ನೂ ಮುಂಚೆಯೇ ಕರೆಯುತ್ತೇನೆ, ಸದನದಲ್ಲಿ ಬಹುಮತ ತೋರಿಸುತ್ತೇನೆ ಅಂದರು. ರಾಷ್ಟ್ರಪತಿಗೂ ಟೆಲೆಕ್ಸ್ ಕಳಿಸಿದರು. ರಾಜ್ಯಪಾಲರು ಅದೇ ದಿನ ಎರಡನೇ ವರದಿ ಕಳಿಸಿದರು. ಆ ಏಳು ಪತ್ರಗಳನ್ನು ಒತ್ತಡ ಹಾಕಿ ಬರೆಸಿದ್ದಾರೆ, ಶಾಸಕರ ಖರೀದಿ ನಡೆಯುತ್ತಿದೆ, ನನ್ನ ಹಿಂದಿನ ಶಿಫಾರಸೇ ಸರಿ ಅನ್ನುವುದು ಅದರ ಸಾರ.

ಏಪ್ರಿಲ್ 21, ಶುಕ್ರವಾರ. ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರ ಘೋಷಣೆ ಹೊರಬಿತ್ತು. ಸರ್ಕಾರ ವಜಾ, ವಿಧಾನಸಭೆ ವಿಸರ್ಜನೆ. ದೆಹಲಿಯಲ್ಲಿ ಆಗ ರಾಜೀವ್ ಗಾಂಧಿ ಸರ್ಕಾರ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ರಾಜಭವನದಿಂದ ವಿಧಾನಸೌಧಕ್ಕೆ ನಡೆದುಕೊಂಡೇ ಹೋಗಬಹುದು. ಅಷ್ಟು ಹತ್ತಿರದಲ್ಲಿ, ಕೈಯೆತ್ತಿ ಲೆಕ್ಕ ಹಾಕಲಿಕ್ಕೆಂದೇ ಕಟ್ಟಿದ ಸಭಾಂಗಣ ಇತ್ತು. ಲೆಕ್ಕ ನಡೆದದ್ದು ಮಾತ್ರ ರಾಜಭವನದ ಕೋಣೆಯಲ್ಲಿ, ಪತ್ರಗಳ ಮೇಲೆ. ಒಂದು ಕಡೆಯ ಪತ್ರಗಳ ಸಹಿ ತಾಳೆ ನೋಡಿದರು, ಇನ್ನೊಂದು ಕಡೆಯ ಪತ್ರಗಳನ್ನು ನಂಬಲಿಲ್ಲ. ಬೊಮ್ಮಾಯಿ ಸದನಕ್ಕೆ ಹೋಗಿದ್ದರೆ ಗೆಲ್ಲುತ್ತಿದ್ದರೋ ಸೋಲುತ್ತಿದ್ದರೋ ಯಾರಿಗೂ ಗೊತ್ತಿಲ್ಲ. ಸೋಲುವ ಸಾಧ್ಯತೆಯೂ ಚೆನ್ನಾಗಿಯೇ ಇತ್ತು. ಆದರೆ ಗೊತ್ತಾಗದ ಹಾಗೆ ಮಾಡಿದ್ದೇ ಇಲ್ಲಿನ ಅನ್ಯಾಯ. ಸೋತ ಸರ್ಕಾರ ಹೋಗುವುದು ಸಹಜ. ಇದು ಸೋಲು-ಗೆಲುವು ಎರಡನ್ನೂ ನೋಡುವ ಮೊದಲೇ ಹೋದ ಸರ್ಕಾರ.

ಏಪ್ರಿಲ್ 26ರಂದು ಬೊಮ್ಮಾಯಿ ಮತ್ತು ಕೆಲವು ಮಾಜಿ ಮಂತ್ರಿಗಳು ಕರ್ನಾಟಕ ಹೈಕೋರ್ಟಿಗೆ ಹೋದರು. ಅದೂ ವಿಧಾನಸೌಧದ ಎದುರಿಗೇ ಇರುವ ಕೆಂಪು ಕಟ್ಟಡ. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಅರ್ಜಿಯನ್ನು ವಜಾ ಮಾಡಿತು. ವರದಿ ಕಳಿಸುವ ಮೊದಲು ಸದನದಲ್ಲಿ ಬಹುಮತ ಪರೀಕ್ಷೆ ಆಗಲೇಬೇಕು ಅಂತೇನೂ ಇಲ್ಲ ಅಂದಿತು. ಅಷ್ಟರಲ್ಲಿ ಪಾರ್ಲಿಮೆಂಟೂ ಘೋಷಣೆಗೆ ಒಪ್ಪಿಗೆ ಕೊಟ್ಟಾಗಿತ್ತು. ನವೆಂಬರ್‌ನಲ್ಲಿ ಚುನಾವಣೆ ನಡೆದು ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದಿತು. ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ಜನರ ಲೆಕ್ಕದಲ್ಲಿ ವಿಷಯ ಮುಗಿಯಿತು. ಬೊಮ್ಮಾಯಿ ಮಾತ್ರ ಸುಪ್ರೀಂ ಕೋರ್ಟಿನಲ್ಲಿ ಕೇಸು ಬಿಡಲಿಲ್ಲ.

ಆ ಕಾಲದಲ್ಲಿ ಇಂಥ ಕೇಸು ಗೆಲ್ಲುವುದು ಕಷ್ಟ ಅಂತ ವಕೀಲರಾಗಿದ್ದ ಅವರಿಗೂ ಗೊತ್ತಿದ್ದಿರಲೇಬೇಕು. ತುರ್ತುಪರಿಸ್ಥಿತಿಯ ಹೊತ್ತಿನಲ್ಲಿ, 1975ರ 38ನೇ ತಿದ್ದುಪಡಿ ರಾಷ್ಟ್ರಪತಿಯ ಮನವರಿಕೆಯೇ ಅಂತಿಮ, ಕೋರ್ಟು ಕೇಳುವ ಹಾಗಿಲ್ಲ ಅಂದಿತ್ತು. 1978ರ 44ನೇ ತಿದ್ದುಪಡಿ ಅದನ್ನು ತೆಗೆಯಿತು. ಆದರೂ 1977ರ ರಾಜಸ್ಥಾನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಾಗಿಲನ್ನು ಒಂದಿಂಚಷ್ಟೇ ತೆರೆದಿತ್ತು. ದುರುದ್ದೇಶದಂಥ ಅಪರೂಪದ ಸಂದರ್ಭ ಬಿಟ್ಟರೆ ಇದರಲ್ಲಿ ಕೈಹಾಕುವುದಿಲ್ಲ ಅನ್ನುವುದು ಅದರ ಧಾಟಿ.

1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂತು. ಕರ್ನಾಟಕದ ಜೊತೆಗೆ ನಾಗಾಲ್ಯಾಂಡ್ (1988), ಮೇಘಾಲಯ (1991), ಮತ್ತು ಬಾಬರಿ ಮಸೀದಿ ಧ್ವಂಸದ ನಂತರ 1992ರ ಡಿಸೆಂಬರ್‌ನಲ್ಲಿ ವಜಾ ಆದ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶದ ಬಿಜೆಪಿ ಸರ್ಕಾರಗಳ ವಿಷಯವೂ ಒಟ್ಟಿಗೆ ವಿಚಾರಣೆಯಾಯಿತು. ಒಂಬತ್ತು ಜನ ಆರು ಬೇರೆ ಬೇರೆ ತೀರ್ಪು ಬರೆದರು. ಕೋರ್ಟು ಎಷ್ಟು ಆಳಕ್ಕೆ ಇಳಿಯಬಹುದು ಅನ್ನುವುದರಲ್ಲಿ ಒಮ್ಮತ ಇರಲಿಲ್ಲ. ಆದರೆ ಬಹುಮತದ ಅಭಿಪ್ರಾಯದಿಂದ ನಿಂತ ನಿಯಮಗಳನ್ನು ಸರಳವಾಗಿ ಹೀಗೆ ಹೇಳಬಹುದು:

ಒಂದು, ಸರ್ಕಾರಕ್ಕೆ ಬಹುಮತ ಇದೆಯೇ ಅನ್ನುವುದನ್ನು ಸದನದಲ್ಲೇ ಪರೀಕ್ಷಿಸಬೇಕು, ರಾಜ್ಯಪಾಲರ ಸ್ವಂತ ಅಂದಾಜಿನ ಮೇಲಲ್ಲ. ಎಲ್ಲೆಡೆ ಹಿಂಸೆ ಹಬ್ಬಿ ಮುಕ್ತವಾಗಿ ಮತ ಹಾಕಲು ಆಗದಂಥ ಅಸಾಧಾರಣ ಸ್ಥಿತಿ ಮಾತ್ರ ಇದಕ್ಕೆ ಹೊರತು.

ಎರಡು, ರಾಷ್ಟ್ರಪತಿಯ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು. ಮಂತ್ರಿಮಂಡಲ ಕೊಟ್ಟ ಸಲಹೆ ಏನು ಅಂತ ಕೇಳುವ ಹಾಗಿಲ್ಲ, ಆದರೆ ಆ ಸಲಹೆಗೆ ಆಧಾರವಾದ ಕಾಗದಪತ್ರ ತೋರಿಸಿ ಅಂತ ಕೇಳಬಹುದು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ನಿರ್ಧಾರ ನಿಮ್ಮದೇ ಇರಲಿ, ಲಾಗ್ ಫೈಲ್ ತೋರಿಸಿ!

ಮೂರು, ಎರಡೂ ಸದನಗಳ ಒಪ್ಪಿಗೆ ಸಿಗುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಅಮಾನತಿನಲ್ಲಿ ಇಡಬಹುದು ಅಷ್ಟೆ. ಸರಿಪಡಿಸಲಾಗದಂಥ ಹಾನಿ ಮೊದಲ ದಿನವೇ ಆಗಿಬಿಡಬಾರದು ಅನ್ನುವುದು ಇದರ ಉದ್ದೇಶ.

ನಾಲ್ಕು, ಘೋಷಣೆ ತಪ್ಪು ಅಂತಾದರೆ ವಜಾ ಆದ ಸರ್ಕಾರವನ್ನೂ ಸಭೆಯನ್ನೂ ವಾಪಸ್ ತರುವ ಅಧಿಕಾರ ಕೋರ್ಟಿಗಿದೆ, ಪಾರ್ಲಿಮೆಂಟು ಒಪ್ಪಿದ್ದರೂ ಸರಿ.

ಕರ್ನಾಟಕ, ಮೇಘಾಲಯ, ನಾಗಾಲ್ಯಾಂಡ್ ಮೂರರ ಘೋಷಣೆಗಳೂ ಸಂವಿಧಾನಬಾಹಿರ ಅಂತ ತೀರ್ಮಾನವಾಯಿತು. ಬಿಜೆಪಿಯ ಮೂರು ಸರ್ಕಾರಗಳ ವಜಾ ಸರಿ ಅಂತಾಯಿತು, ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪದ ಭಾಗ ಅನ್ನುವ ಕಾರಣಕ್ಕೆ. ಈ 'ಮೂಲ ಸ್ವರೂಪ' ಅನ್ನುವ ಮಾತು ಬಂದದ್ದೂ ಕನ್ನಡದವರ ಕೇಸಿನಿಂದಲೇ, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ 1973ರ ಪ್ರಕರಣದಿಂದ. ಅದರ ಕಥೆ ಇನ್ನೊಮ್ಮೆ ಬರೆಯುತ್ತೇನೆ.

ಸರಿ, ಬೊಮ್ಮಾಯಿ ಗೆದ್ದರು. ಅವರಿಗೆ ಸಿಕ್ಕಿದ್ದೇನು?

ಏನೂ ಇಲ್ಲ. ತೀರ್ಪು ಬರುವ ಹೊತ್ತಿಗೆ ಹತ್ತಿರ ಹತ್ತಿರ ಐದು ವರ್ಷ ಕಳೆದಿತ್ತು. 1989ರಲ್ಲಿ ಹೊಸ ವಿಧಾನಸಭೆ ಬಂದಾಗಿತ್ತು. ವೀರೇಂದ್ರ ಪಾಟೀಲರು ಹೋಗಿ, 1990ರ ಅಕ್ಟೋಬರ್‌ನಲ್ಲಿ ಒಂದು ವಾರ ಮತ್ತೆ ರಾಷ್ಟ್ರಪತಿ ಆಳ್ವಿಕೆ ಆಗಿ, ಬಂಗಾರಪ್ಪ ಬಂದು ಹೋಗಿ, ವೀರಪ್ಪ ಮೊಯಿಲಿ ಮುಖ್ಯಮಂತ್ರಿಯಾಗಿದ್ದರು. ಹಳೆಯ ಸಭೆಯನ್ನು ಎಲ್ಲಿಂದ ವಾಪಸ್ ತರುವುದು? ಚುನಾವಣೆ ನಡೆದುಹೋಗಿರುವುದರಿಂದ ಈಗ ಪರಿಹಾರ ಕೊಡಲು ಬರುವುದಿಲ್ಲ ಅಂತ ಕೋರ್ಟು ಹೇಳಿತು. ಒಂದು ವಾರ ಕೇಳಿದವರಿಗೆ ಐದು ವರ್ಷದ ನಂತರ ಉತ್ತರ ಬಂತು, ಆಗ ಆ ವಾರವೇ ಇರಲಿಲ್ಲ.

ಅಧಿಕಾರಕ್ಕೆ ಕಡಿವಾಣ ಹಾಕುವುದು ಅಂದಾಗ ನಾವು ನಿಯಮ ಏನು ಹೇಳುತ್ತದೆ ಅಂತ ಮಾತ್ರ ನೋಡುತ್ತೇವೆ. ಆ ನಿಯಮ ಎಷ್ಟು ಹೊತ್ತಿಗೆ ಕೈಗೆ ಸಿಗುತ್ತದೆ ಅನ್ನುವುದು ಅಷ್ಟೇ ಮುಖ್ಯ. ಈ ತೀರ್ಪಿನ ನಂತರದ ಇತಿಹಾಸವನ್ನು ಹಾಗೆ ಗಡಿಯಾರ ಇಟ್ಟುಕೊಂಡು ಓದಿದರೆ ಬದಲಾವಣೆ ಕಾಣುತ್ತದೆ.

2007ರ ಅಕ್ಟೋಬರ್ 9. ಇಪ್ಪತ್ತು ತಿಂಗಳ ಒಪ್ಪಂದ ಮುರಿದು ಕುಮಾರಸ್ವಾಮಿ ಸರ್ಕಾರ ಹೋಗಿ ಕರ್ನಾಟಕಕ್ಕೆ ಮತ್ತೆ ರಾಷ್ಟ್ರಪತಿ ಆಳ್ವಿಕೆ ಬಂತು. ಈ ಸಲ ವಿಧಾನಸಭೆಯನ್ನು ಕೂಡಲೇ ವಿಸರ್ಜಿಸಲಿಲ್ಲ, ಅಮಾನತಿನಲ್ಲಿಟ್ಟರು. ಸಭೆ ಉಳಿದಿದ್ದರಿಂದಲೇ ನವೆಂಬರ್ 12ರಂದು ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಳ್ಳಲು ಸಾಧ್ಯವಾಯಿತು (ಅದು ವಾರದಲ್ಲೇ ಬಿತ್ತು, ಆ ಮಾತು ಬೇರೆ). ಎಸ್.ಆರ್. ಬೊಮ್ಮಾಯಿ ತೀರಿಕೊಂಡದ್ದು ಅಕ್ಟೋಬರ್ 10ರಂದು, ಘೋಷಣೆಯ ಮರುದಿನ.

2010ರ ಅಕ್ಟೋಬರ್‌ನಲ್ಲಿ ಗದ್ದಲದ ವಿಶ್ವಾಸಮತದ ನಂತರ ರಾಜ್ಯಪಾಲ ಎಚ್.ಆರ್. ಭಾರದ್ವಾಜ್ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು. ಕೇಂದ್ರದಲ್ಲಿ ಕಾಂಗ್ರೆಸ್, ಇಲ್ಲಿ ಬಿಜೆಪಿ. ಇಪ್ಪತ್ತು ವರ್ಷ ಹಿಂದೆ ಆಗಿದ್ದರೆ ಯಡಿಯೂರಪ್ಪ ಸರ್ಕಾರ ಮರುದಿನ ಇರುತ್ತಿರಲಿಲ್ಲ. ಈ ಸಲ ಅಕ್ಟೋಬರ್ 14ರಂದು ಸದನದಲ್ಲಿ ಎರಡನೇ ಸಲ ಮತ ಹಾಕಿಸಿದರು. 2011ರ ಮೇ ತಿಂಗಳಲ್ಲಿ ಮತ್ತೆ ಅದೇ ಶಿಫಾರಸು ಹೋಯಿತು, ಕೇಂದ್ರ ಒಪ್ಪಲಿಲ್ಲ.

2016ರಲ್ಲಿ ಉತ್ತರಾಖಂಡದಲ್ಲಿ 1989ರ ಕಥೆಯೇ ಇನ್ನೊಮ್ಮೆ ನಡೆಯಿತು. ಮಾರ್ಚ್ 28ಕ್ಕೆ ವಿಶ್ವಾಸಮತ ನಿಗದಿಯಾಗಿತ್ತು, 27ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು. ಅಲ್ಲಿನ ಹೈಕೋರ್ಟು ಘೋಷಣೆಯನ್ನು ರದ್ದು ಮಾಡಿದ್ದು ಏಪ್ರಿಲ್ 21ರಂದು, ಬೊಮ್ಮಾಯಿ ಸರ್ಕಾರ ಹೋಗಿ ಸರಿಯಾಗಿ 27 ವರ್ಷಕ್ಕೆ. ಮರುದಿನ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟರೂ, ಮೇ 10ಕ್ಕೆ ಸದನದಲ್ಲೇ ಬಹುಮತ ಪರೀಕ್ಷೆ ಮಾಡಿಸಿತು. ಹರೀಶ್ ರಾವತ್ ಗೆದ್ದು ಮುಖ್ಯಮಂತ್ರಿ ಕುರ್ಚಿಗೆ ಮರಳಿದರು. ಬೊಮ್ಮಾಯಿಗೆ ಸಿಗದ ಪರಿಹಾರ ಅವರಿಗೆ ಸುಮಾರು ಆರು ವಾರದಲ್ಲಿ ಸಿಕ್ಕಿತು.

2018ರ ಮೇ ನಿಮಗೆಲ್ಲ ನೆನಪಿರಬೇಕು. 222 ಸ್ಥಾನಗಳಲ್ಲಿ ಬಿಜೆಪಿಗೆ 104. ಕಾಂಗ್ರೆಸ್ ಮತ್ತು ಜೆಡಿಎಸ್ ಒಟ್ಟಾಗಿ ತಮಗೆ ಬಹುಮತ ಇದೆ ಅಂದರೂ ರಾಜ್ಯಪಾಲ ವಜುಭಾಯಿ ವಾಲಾ ಯಡಿಯೂರಪ್ಪನವರನ್ನು ಕರೆದು, ಬಹುಮತ ತೋರಿಸಲು 15 ದಿನ ಕೊಟ್ಟರು. ಬೊಮ್ಮಾಯಿ ಕೇಳಿದ್ದಕ್ಕಿಂತ ಎರಡು ಪಟ್ಟು! ಮೇ 17ರ ನಡುರಾತ್ರಿ ಕಳೆದ ಮೇಲೆ ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆ ಶುರುವಾಗಿ ಬೆಳಗಿನವರೆಗೂ ನಡೆಯಿತು. ಪ್ರಮಾಣವಚನವನ್ನು ಕೋರ್ಟು ತಡೆಯಲಿಲ್ಲ. ಆದರೆ 18ರಂದು, 15 ದಿನ ಬೇಡ, ನಾಳೆ ಸಂಜೆ ನಾಲ್ಕು ಗಂಟೆಗೆ ಸದನದಲ್ಲಿ ತೋರಿಸಿ, ಗುಪ್ತ ಮತದಾನ ಇಲ್ಲ ಅಂದಿತು. 19ರಂದು ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಎಲ್ಲವೂ ಟೀವಿಯಲ್ಲಿ ನೇರಪ್ರಸಾರ. ಐದು ವರ್ಷ ತೆಗೆದುಕೊಂಡ ಅದೇ ಕೋರ್ಟು ಈ ಸಲ ಎರಡೇ ದಿನದಲ್ಲಿ ಕೆಲಸ ಮುಗಿಸಿತು.

ಇಲ್ಲಿಗೆ ಶುಭಂ ಹೇಳಿ ಮುಗಿಸಿದರೆ ಚೆನ್ನಾಗಿರುತ್ತಿತ್ತು. ಆದರೆ 1989ರ ರಾಜ್ಯಪಾಲರು ವರದಿಯಲ್ಲಿ ಬರೆದಿದ್ದ ಖರೀದಿಯ ಮಾತು ಹಾಗೇ ಉಳಿದಿದೆಯಲ್ಲ? ಅದಕ್ಕೆ ಅವರು ಕಂಡುಕೊಂಡ ಮದ್ದು ತಪ್ಪಿರಬಹುದು, ರೋಗ ಸುಳ್ಳಲ್ಲ. ಲೆಕ್ಕ ಸದನದಲ್ಲೇ ಆಗಬೇಕು ಅಂತಾದ ಮೇಲೆ, ಸದನಕ್ಕೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಅನ್ನುವುದರ ಮೇಲೆ ಆಟ ಶುರುವಾಯಿತು. ಬಿಡದಿಯ ರೆಸಾರ್ಟ್, ಮುಂಬೈ ಹೋಟೆಲ್, ಇವೆಲ್ಲ ಬಂದದ್ದು ಹಾಗೆ. 2019ರಲ್ಲಿ 17 ಶಾಸಕರು ಸದನದಿಂದ ದೂರ ಉಳಿದರು, ಹೆಚ್ಚಿನವರು ರಾಜೀನಾಮೆ ಕೊಟ್ಟು. ಜುಲೈ 23ರಂದು ಕುಮಾರಸ್ವಾಮಿ ವಿಶ್ವಾಸಮತದಲ್ಲಿ 99-105ರಿಂದ ಸೋತರು. ಬೊಮ್ಮಾಯಿ ತೀರ್ಪಿನ ಅಕ್ಷರಕ್ಕೆ ಎಲ್ಲೂ ಭಂಗ ಬರಲಿಲ್ಲ: ಲೆಕ್ಕ ಸದನದಲ್ಲೇ ಆಯಿತು, ಎಲ್ಲರ ಕಣ್ಣೆದುರೇ ಆಯಿತು. ಆ 17 ಜನ ಅನರ್ಹರಾದರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆ ಸರಿ, ಆದರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಅಂದಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು.

ಆ ಪಟ್ಟಿಯಲ್ಲಿ ನಮ್ಮ ವೈಟ್‌ಫೀಲ್ಡ್ ಪಕ್ಕದ ಕೆ.ಆರ್. ಪುರ ಇತ್ತು, ಆಚೆ ಹೊಸಕೋಟೆ ಇತ್ತು, ಪೀಣ್ಯದ ಕಡೆ ಯಶವಂತಪುರ, ಮಹಾಲಕ್ಷ್ಮಿ ಲೇಔಟ್ ಇದ್ದವು. ಐಟಿಯವರು ವೋಟು ಹಾಕುವುದಿಲ್ಲ ಅಂತ ಬೈಸಿಕೊಳ್ಳುವ ಇದೇ ಸುತ್ತಿನ ಜನ ಒಂದೂವರೆ ವರ್ಷದಲ್ಲಿ ಎರಡು ಸಲ ಶಾಸಕರನ್ನು ಆರಿಸಬೇಕಾಯಿತು. ಅಷ್ಟರಲ್ಲಿ ಅವರು ಮೊದಲ ಸಲ ಹಾಕಿದ ಮತದಿಂದ ಆಗಿದ್ದ ಸರ್ಕಾರ ಬಿದ್ದು ಇನ್ನೊಂದು ಸರ್ಕಾರ ಬಂದಾಗಿತ್ತು.

ಹಾಗಂತ ಬೊಮ್ಮಾಯಿ ತೀರ್ಪು ಸೋತಿತು ಅಂತ ನನಗನ್ನಿಸುವುದಿಲ್ಲ. ಅದು ಒಂದು ರಂಧ್ರ ಮುಚ್ಚಿತು, ದೊಡ್ಡದನ್ನೇ ಮುಚ್ಚಿತು. ದೆಹಲಿಯಲ್ಲಿ ಕೂತವರು ಬೇಡದ ರಾಜ್ಯ ಸರ್ಕಾರವನ್ನು ಒಂದು ಕಾಗದದಿಂದ ಕಳಿಸುವುದು ಈಗ ಮೊದಲಿನಷ್ಟು ಸುಲಭವಲ್ಲ. ಇನ್ನೊಂದು ರಂಧ್ರ, ಗೆದ್ದ ಶಾಸಕ ಮತದಾರನನ್ನು ಕೇಳದೆ ಕಡೆ ಬದಲಾಯಿಸುವುದು, ಹಾಗೇ ಇದೆ. ಅದನ್ನು ಮುಚ್ಚಲು ಕೋರ್ಟಿನ ತೀರ್ಪು ಸಾಲದು ಅನ್ನುವುದನ್ನು 2019 ತೋರಿಸಿದೆ. ಮತ ಹಾಕಿದವರು ಹಾಕಿದ ಮತವನ್ನು ಐದು ವರ್ಷ ನೆನಪಿಟ್ಟುಕೊಂಡು ಲೆಕ್ಕ ಕೇಳಿದರೆ ಒಂದಿಷ್ಟು ಆಗಬಹುದೇನೋ.

1989ರ ಏಪ್ರಿಲ್ 27, ಗುರುವಾರ, ವಿಧಾನಸೌಧದಲ್ಲಿ ಸೇರಬೇಕಿದ್ದ ಆ ಅಧಿವೇಶನ ಸೇರಲೇ ಇಲ್ಲ. ಅಂದು ಯಾರು ಎಷ್ಟು ಅಂತ ನಮಗೆ ಎಂದೂ ಗೊತ್ತಾಗುವುದಿಲ್ಲ. 2018ರ ಮೇ 19ರಂದು ಸಂಜೆ ನಾಲ್ಕಕ್ಕೆ ಯಾರು ಎಷ್ಟು ಅನ್ನುವುದು ಮಾತ್ರ ಇಡೀ ರಾಜ್ಯಕ್ಕೆ ಗೊತ್ತಾಯಿತು. ಹುಬ್ಬಳ್ಳಿಯ ವಕೀಲರೊಬ್ಬರು ತಮಗೆ ಏನೂ ದಕ್ಕದ ಕೇಸನ್ನು ಐದು ವರ್ಷ ನಡೆಸಿದ್ದರಿಂದ ಬಂದದ್ದು ಅದು.